ಯೋಡಾಗೆ ಕನ್ನಡ ಬರಬಾರದಾ?

2013ರ ಬೇಸಿಗೆ ರಜೆಗೆ ಊರಿಂದ ಅಕ್ಕನ ಮಗ ಬಂದಿದ್ದ. ಮೂರನೇ ಕ್ಲಾಸು, ಕನ್ನಡ ಮೀಡಿಯಂ. ಬಸವನಗುಡಿಯ ನಮ್ಮ ಬೀದಿ ಹುಡುಗರು ಪ್ಲಾಸ್ಟಿಕ್ ಪೈಪ್ ಹಿಡಿದು ಜೆಡೈ ಆಟ ಆಡ್ತಿದ್ದರು. ಇವನು ಎರಡು ದಿನ ಗೇಟು ಹಿಡಿದು ನಿಂತು ನೋಡಿದ. ಮೂರನೇ ದಿನ ಸೇರಿಸಿಕೊಂಡರು. ನೀನು ಯಾರಾಗ್ತೀಯ ಅಂದಿದ್ದಕ್ಕೆ ಒಂದು ಹೆಸರೂ ಗೊತ್ತಿರಲಿಲ್ಲ. ಸತ್ತು ಬಿದ್ದ ರೋಬೋ ಪಾತ್ರ ಕೊಟ್ಟರು.

ಅವತ್ತು ರಾತ್ರಿ 'ಸ್ಟಾರ್ ವಾರ್ಸ್: ದಿ ಕ್ಲೋನ್ ವಾರ್ಸ್' ಡಿವಿಡಿ ಹಾಕಿದೆ. ಆ ಸಿನಿಮಾ ಸರಣಿಯಿಂದ ಕವಲೊಡೆದು 2008ರಲ್ಲಿ ಟಿವಿಗೆ ಬಂದ ಕಾರ್ಟೂನು. ಇಪ್ಪತ್ತೆರಡು ನಿಮಿಷದ ಕಂತು ಮುಗಿಸೋಕೆ ನಮಗೆ ಒಂದು ಗಂಟೆ ಹಿಡೀತು. "ಮಾಮ, ಏನಂದ?" ಅಂತ ಅವನು ಕೇಳೋದು, ನಿಲ್ಲಿಸಿ ಕನ್ನಡದಲ್ಲಿ ನಾನು ಹೇಳೋದು. ಅಹ್ಸೋಕಾ ಅನ್ನೋ ಹದಿನಾಲ್ಕರ ಹುಡುಗಿ ಗುರುವನ್ನೇ ರೇಗಿಸ್ತಾಳೆ. ಅವಳ ಬಾಯಲ್ಲಿ "ನೀನು" ಅನ್ನಿಸಿದೆ. "ಮೇಷ್ಟ್ರಿಗೆ ಹಂಗಂತಾರಾ?" ಅಂತ ತಕ್ಷಣ ತಿದ್ದಿದ. ಯೋಡಾ ಇನ್ನೂ ಕಷ್ಟ. ಕ್ರಿಯಾಪದ ಕೊನೆಗೆ ತಳ್ಳೋ ಆ ಮುದುಕನ ಇಂಗ್ಲೀಷು, ಮೊದಲ ಸೆಮಿಸ್ಟರಿನಲ್ಲಿ ನಾನು ಆಡ್ತಿದ್ದ ಇಂಗ್ಲೀಷೇ! ಕನ್ನಡದಲ್ಲಿ ಎಲ್ಲರೂ ಹಾಗೇ ಮಾತಾಡೋದಲ್ವಾ? ಅದಕ್ಕೇ ಉಲ್ಟಾ ಮಾಡಿದೆ: "ಕಲೀಬೇಕು ಇನ್ನೂ ನೀನು, ಕಾಯಬೇಕು ಮೊದಲು." ಬಿದ್ದು ಬಿದ್ದು ನಕ್ಕ.

ಬೆಂಗಳೂರಿನಲ್ಲಿ ಒಂದು ಮಗು ಇದನ್ನು ಕನ್ನಡದಲ್ಲಿ ನೋಡಬೇಕಂದ್ರೆ ಒಬ್ಬ ಇಂಜಿನಿಯರ್ ರಾತ್ರಿ ಗಂಟಲು ಹರ್ಕೋಬೇಕಿತ್ತು. ಯಾಕೆ? ಆಗ ಡಬ್ಬಿಂಗ್ ಕೂಡದು ಅಂತಿದ್ದರು. ಯಾವ ಕಾನೂನು? ಯಾವುದೂ ಇರಲಿಲ್ಲ. ಅರವತ್ತರ ದಶಕದಲ್ಲಿ ಹಾಕಿದ ಬೇಲಿ. ಬೆಂಗಳೂರಿನ ಟಾಕೀಸುಗಳಲ್ಲೇ ಕನ್ನಡಕ್ಕೆ ಜಾಗ ಇಲ್ಲದಿದ್ದಾಗ ಅನಕೃ ಅಂಥವರು ಬೀದಿಗಿಳಿದರು. ಆ ಋಣ ನನಗೂ ಗೊತ್ತು. ಆದರೆ ಆವತ್ತಿನ ಸಸಿ ಈಗ ಮರ. 2012ರಲ್ಲಿ 'ಸತ್ಯಮೇವ ಜಯತೇ' ತಮಿಳು, ತೆಲುಗು, ಮಲಯಾಳಂನಲ್ಲಿ ಬಂತು, ಕನ್ನಡದ್ದಕ್ಕೆ ಇದೇ ಬೇಲಿ ಅಡ್ಡ.

ಕಲಾವಿದರ ಅನ್ನ ಹೋಗುತ್ತೆ ಅಂತಿದ್ದರು. ಮಕ್ಕಳಿಗೆ ಇಂಥ ಬಾಹ್ಯಾಕಾಶದ ಕಾರ್ಟೂನು ಮಾಡ್ತಿರೋ ಕನ್ನಡ ಕಂಪನಿ ಒಂದು ತೋರಿಸಿ, ಸುಮ್ಮನಾಗ್ತೀನಿ. ಇಲ್ಲದ ತಟ್ಟೆಯಿಂದ ಯಾರ ಅನ್ನ ಕಿತ್ಕೊಳ್ಳೋದು? ದನಿ ಕೊಡೋರಿಗೆ, ಮಾತು ಬರೆಯೋರಿಗೆ ಕೆಲಸ ಹುಟ್ಟುತ್ತೆ ಅಷ್ಟೇ. 2009ರಲ್ಲಿ ಚಿಂಟು ಟಿವಿ ಬಂದು ಪರದೇಶದ ಕಾರ್ಟೂನುಗಳು ಕನ್ನಡ ಮಾತಾಡಿದಾಗ ಯಾವ ಆಕಾಶ ಬಿತ್ತು? ಆ ಒಂದಕ್ಕೆ ಕಣ್ಣು ಮುಚ್ಚಿಕೊಂಡವರು ಮಿಕ್ಕಿದ್ದಕ್ಕೆ ಯಾಕೆ ಕೆಂಗಣ್ಣು ಬಿಟ್ಟರು? ಗಲಾಟೆ ಆಗೋ ಊರಿಗೆ ಹೊರಗಿನ ಕಂಪನಿ ದುಡ್ಡು ಹಾಕಿ ಯಾಕೆ ಬರ್ತಿತ್ತು?

2013ರ ಜುಲೈ 3ಕ್ಕೆ ಅಮೆರಿಕದ ಅರಿಜೋನಾದಲ್ಲಿ, 1977ರ ಮೊದಲ 'ಸ್ಟಾರ್ ವಾರ್ಸ್' ಸಿನಿಮಾ ನವಾಹೋ ಭಾಷೆಯಲ್ಲಿ ತೆರೆಗೆ ಬಂತು. ಅಲ್ಲಿನ ಮೂಲನಿವಾಸಿಗಳ ಭಾಷೆ. ಆಡುವವರು ಸುಮಾರು 1.7 ಲಕ್ಷ. ನವಾಹೋ ಮ್ಯೂಸಿಯಂನವರು ಲೂಕಸ್‌ಫಿಲ್ಮ್ ಜೊತೆ ಸೇರಿ ಡಬ್ ಮಾಡಿದರು, ಭಾಷೆ ಉಳಿಸೋಕೆ ಅಂತಾನೇ. 2001ರ ಜನಗಣತಿಯಂತೆ ಕನ್ನಡಿಗರು 3.79 ಕೋಟಿ. ನಾವು ಭಾಷೆ ಉಳಿಸೋಕೆ ಅಂತ ಆಗ ಡಬ್ಬಿಂಗ್ ನಿಲ್ಲಿಸಿದ್ವಿ.

ನನಗೆ, ನಿಮಗೆ ಈ ಬೇಲಿ ಕಾಣ್ತಲೇ ಇರಲಿಲ್ಲ. ಇಂಗ್ಲೀಷ್ ಬರುತ್ತೆ, ಹಾರ್ಕೊಂಡು ಹೋಗ್ತಿದ್ವಿ. ನವೆಂಬರಿನಲ್ಲಿ ಚಾಮರಾಜಪೇಟೆಯ ಪರಿಷತ್ತಿನಲ್ಲಿ ಭಾಷಣ ಕೇಳಿ, ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು, ಮನೆಗೆ ಬಂದು ಇಂಗ್ಲೀಷ್ ಸೀರಿಯಲ್ ಹಾಕ್ಕೋತೀವಿ. ಬೇಲಿಯೊಳಗೆ ಉಳಿದೋನು ಕನ್ನಡವೊಂದೇ ಬಲ್ಲ ಹುಡುಗ. ಇಂಗ್ಲೀಷಲ್ಲೇ ನೋಡ್ಲಿ, ಕಲೀತಾನೆ ಅನ್ನೋರು ಆಮೇಲೆ ಕನ್ನಡ ಶಾಲೆ ಮುಚ್ಚಿತು ಅಂತ ನನ್ನ ಹತ್ರ ಅಳಬೇಡಿ.

ಊರಿಗೆ ಹೊರಡೋ ಹಿಂದಿನ ದಿನ ಇವನು ಪೈಪ್ ಹಿಡಿದು, ಅಹ್ಸೋಕಾ ಮೇಷ್ಟ್ರಿಗೆ ಏನಂದಳು ಅಂತ ಬೀದಿ ಹುಡುಗರಿಗೆ ಕನ್ನಡದಲ್ಲಿ ಮಾಡಿ ತೋರಿಸ್ತಿದ್ದ. ಆಮೇಲೆ ಪ್ರತಿ ಭಾನುವಾರ ಫೋನು: "ಮಾಮ, ಆಮೇಲೆ ಅವಳು ಏನಾದ್ಲು?" ಐದನೇ ಸೀಸನ್ ಕೊನೆಗೆ ಅವಳು ಗುರುಗಳನ್ನು ಬಿಟ್ಟು ಹೊರಟುಹೋಗ್ತಾಳೆ. ಅಲ್ಲಿಗಿನ್ನೂ ಬಂದಿರಲಿಲ್ಲ ನಾವು.