ಕಟ್ಟಡ ಸಾಕು, ಗಾಡಿ ಬಿಡ್ರಿ

ಬೀದರ್ ಸ್ಟೇಷನ್ನಿನ ಹೊಸ ರೂಪದ ಫೋಟೋ ವಾಟ್ಸಾಪ್ ಗ್ರೂಪಿಗೆ ಬಂದಾಗೆಲ್ಲ ಚಪ್ಪಾಳೆಯ ಇಮೋಜಿಗಳ ಮಳೆ. ಅಮೃತ್ ಭಾರತ್ ಯೋಜನೆಯಲ್ಲಿ 2023ರ ಆಗಸ್ಟ್ 6ರಂದು ಶಂಕುಸ್ಥಾಪನೆಯಾದ ನಿಲ್ದಾಣಗಳಲ್ಲಿ ನಮ್ಮದೂ ಒಂದು. ಚೆಂದ ಆಗಲಿ, ಬ್ಯಾಡ ಅಂದೋರ್ಯಾರು? ಆದರೆ ಸ್ಟೇಷನ್ ಅಂದ್ರೆ ಗಾಡಿ ಬರೋ ಜಾಗ. ಗಾಡಿಯೇ ಸಾಕಷ್ಟಿಲ್ಲದ ಕಡೆ ಕಮಾನು ಕಟ್ಟಿ ಲೈಟ್ ಹಾಕಿದರೆ ಅದು ಮದುವೆ ಇಲ್ಲದ ಛತ್ರ.

ನಮ್ಮ ಹಳಿಯ ಚರಿತ್ರೆ ಚಿಕ್ಕದೇನಲ್ಲ. 1930ರ ಆಸುಪಾಸಿನಲ್ಲಿ, ನಿಜಾಮರ ರೈಲ್ವೆ ವಿಕಾರಾಬಾದಿನಿಂದ ಬೀದರಿಗೆ ಬಂತು. ಮುಂದೆ ಭಾಲ್ಕಿ, ಕಮಲನಗರ, ಉದಗೀರ ದಾಟಿ ಪರಳಿ ಕಡೆ ಹೋಯಿತು. ಆ ಹಳಿ ಹಾಕಿದವರ ಲೆಕ್ಕ ಸರಿ ಇತ್ತು, ಅವರ ರಾಜಧಾನಿ ಹೈದರಾಬಾದ್. 1956ರ ನವೆಂಬರ್ 1ಕ್ಕೆ ನಮ್ಮ ರಾಜಧಾನಿ ಬದಲಾಯಿತು. ಹಳಿ ಮಾತ್ರ ಹಳೇ ರಾಜಧಾನಿಗೇ ನಿಯತ್ತಾಗಿ ಉಳೀತು! ಪಕ್ಕದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕಂದ್ರೆ ವಿಕಾರಾಬಾದಿಗೆ ಇಳಿದು, ವಾಡಿ ಸುತ್ತಿ ಹೋಗಬೇಕಿತ್ತು.

ಇದನ್ನ ಸರಿಮಾಡಲು ಬಂದದ್ದೇ 110 ಕಿಲೋಮೀಟರಿನ ಬೀದರ್–ಕಲಬುರಗಿ ಮಾರ್ಗ. ಖಾನಾಪುರದಲ್ಲಿ ಕವಲೊಡೆದು ಹುಮನಾಬಾದ್, ಕಮಲಾಪುರದ ಮೇಲೆ ಹೋಗುತ್ತದೆ. ಮಂಜೂರಾದದ್ದು ತೊಂಬತ್ತರ ದಶಕದಲ್ಲಿ, ಸುಮಾರು 370 ಕೋಟಿ ಅಂದಾಜಿಗೆ. ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು, ವೆಚ್ಚ 1,500 ಕೋಟಿ ದಾಟಿದ ಮೇಲೆ. ಇಷ್ಟು ವರ್ಷ, ಇಷ್ಟು ದುಡ್ಡು ಹಾಕಿದ ಹಳಿಯ ಮೇಲೆ ದಿನಕ್ಕೆ ಎಷ್ಟು ಗಾಡಿ ಓಡ್ತಾವೆ ಅಂತ ಬೆರಳಲ್ಲಿ ಎಣಿಸಿ ನೋಡ್ರಿ, ಬೆರಳು ಉಳೀತಾವೆ.

"ಜನ ಹತ್ತೋದಿಲ್ಲ, ಬಸ್ ಇದೆಯಲ್ಲ" ಅನ್ನುವ ವಾದವೊಂದಿದೆ. ಹೈಕೋರ್ಟ್ ಪೀಠ ಕಲಬುರಗಿಯಲ್ಲಿ, ವಿಭಾಗೀಯ ಆಯುಕ್ತರ ಕಚೇರಿ ಕಲಬುರಗಿಯಲ್ಲಿ. ಕೋರ್ಟಿನ ಹೊತ್ತಿಗೆ ಮುಟ್ಟಿಸಿ, ಸಂಜೆ ಕೆಲಸ ಮುಗಿದ ಮೇಲೆ ವಾಪಸ್ ಕರಕೊಂಡು ಬರದ ಗಾಡಿಗೆ ಯಾಕೆ ಹತ್ತಬೇಕು? ಭಾಲ್ಕಿಯಿಂದ ಬೀದರಿಗೆ ದಿನಾ ಬರುವ ವಿದ್ಯಾರ್ಥಿಗಳು, ನೌಕರರು, ಬ್ರಿಮ್ಸ್ ಆಸ್ಪತ್ರೆಗೆ ಬರುವವರು ಕಡಿಮೆ ಇದ್ದಾರೇನು? ನಲವತ್ತು ಕಿಲೋಮೀಟರ್ ಆಚೀಚೆಯ ದಾರಿ. ಮುಂಬೈನಲ್ಲಿ ಇಷ್ಟು ದೂರವನ್ನ ಲೋಕಲ್ ಅಂತಾರೆ, ನಮ್ಮಲ್ಲಿ ಊರಿಗೆ ಹೋಗೋದು ಅಂತಾರೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟೆ, ಅದು ಒಳ್ಳೆಯದೇ. ಹಾಗಂತ ಬಸ್ಸಿನಲ್ಲಿ ನಿಂತೇ ಹೋಗಬೇಕು ಅಂತ ಕಾನೂನೇನಿಲ್ಲವಲ್ಲ. ಕಮಲನಗರ–ಭಾಲ್ಕಿ–ಬೀದರ್ ನಡುವೆ ಬೆಳಿಗ್ಗೆ ಎರಡು, ಸಂಜೆ ಎರಡು ಡೆಮು, ಅದೇ ರೀತಿ ಕಲಬುರಗಿಗೆ, ಕಚೇರಿ ಟೈಮಿಗೆ ಓಡಿಸಿ ಒಂದು ವರ್ಷ ನೋಡಲಿ. ಆಮೇಲೆ ಜನ ಹತ್ತೋದಿಲ್ಲ ಅನ್ನಲಿ.

ಇದನ್ನ ಕೇಳೋದು ಯಾರನ್ನ? ಅಲ್ಲೇ ಇರೋದು ಗಂಟು. ಬೀದರ್ ಇರೋದು ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿ. ಕಲಬುರಗಿ ಇರೋದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ. ಬೆಂಗಳೂರು ನೈಋತ್ಯ ರೈಲ್ವೆ. ಅಂದ್ರೆ ನಮ್ಮ ಗಾಡಿ ರಾಜಧಾನಿ ಮುಟ್ಟೋಕೆ ಮೂರು ಮನೆಯ ಯಜಮಾನರ ಒಪ್ಪಿಗೆ ಬೇಕು, ಮೂವರಿಗೂ ನಾವು ಕೊನೇ ಪಂಕ್ತಿ. ಕಲಬುರಗಿಯಲ್ಲಿ ವಿಭಾಗ ಮಾಡ್ರಿ ಅಂತ 1984ರಲ್ಲೇ ಸರೀನ್ ಸಮಿತಿ ಹೇಳಿತ್ತು. ಖರ್ಗೆಯವರು ರೈಲ್ವೆ ಸಚಿವರಾಗಿದ್ದಾಗ ಘೋಷಣೆಯೂ ಆಯಿತು. ಆಮೇಲೆ ಬಂದ ಸರ್ಕಾರ ಅದನ್ನ ಮುಂದಕ್ಕೆ ಒಯ್ಯಲಿಲ್ಲ. ಪಕ್ಷ ಯಾವುದಾದರೂ ಇರಲಿ, ನಮ್ಮ ಮತ ಎಣಿಸುವಾಗ ಇರುವ ಆತುರ ಫೈಲ್ ಸರಿಸುವಾಗ ಇರೋದಿಲ್ಲ.

ಯಜಮಾನರು ಹೀಗಿದ್ದಾಗ ನೆರೆಹೊರೆಯವರೇ ಜಗಳಾಡ್ತಾರೆ. 2017ರಲ್ಲಿ ಮುಂಬೈ–ಲಾತೂರ್ ಗಾಡಿಯನ್ನ ಬೀದರ್ ತನಕ ಎಳೆದಾಗ ಲಾತೂರಿನವರು ಬೀದಿಗಿಳಿದರು, ನಮ್ಮ ಸೀಟು ಹೋಯಿತು ಅಂತ. ಯಶವಂತಪುರದ ಗಾಡಿಯನ್ನ ವಾರದಲ್ಲಿ ಕೆಲವು ದಿನ ಲಾತೂರ್ ತನಕ ಒಯ್ದಾಗ ಅದೇ ಮಾತು ಬೀದರಿನವರ ಬಾಯಲ್ಲಿ. ಇಬ್ಬರದ್ದೂ ತಪ್ಪಲ್ಲ. ಒಂದು ರೊಟ್ಟಿ ಇಟ್ಟು ಇಬ್ಬರನ್ನ ಪಂಕ್ತಿಗೆ ಕೂರಿಸಿದವರನ್ನ ಕೇಳಬೇಕು. ದಸರೆಗೆ, ಯುಗಾದಿಗೆ ಬೆಂಗಳೂರಿಂದ ಊರಿಗೆ ಹೊರಡೋರು ನೀವಾಗಿದ್ರೆ ವೇಟಿಂಗ್ ಲಿಸ್ಟಿನ ಉದ್ದ, ಆ ವಾರದ ಸ್ಲೀಪರ್ ಬಸ್ಸಿನ ರೇಟು ಎರಡನ್ನೂ ನಾನು ಹೇಳಬೇಕಿಲ್ಲ.

ಇನ್ನು ಔರಾದ್. ಅಲ್ಲಿಯವರಿಗೆ ವೇಟಿಂಗ್ ಲಿಸ್ಟೂ ಇಲ್ಲ, ಯಾಕಂದ್ರೆ ಹಳಿಯೇ ಇಲ್ಲ. ಮೊದಲು ಕಮಲನಗರ ಔರಾದ್ ತಾಲ್ಲೂಕಿನಲ್ಲೇ ಇತ್ತು, ಕಾಗದದ ಮೇಲಾದರೂ ಒಂದು ಸ್ಟೇಷನ್ ನಮ್ಮದು ಅನ್ನಬಹುದಿತ್ತು. ಕಮಲನಗರ ಬೇರೆ ತಾಲ್ಲೂಕಾದಾಗ ಅದೂ ಹೋಯಿತು. ಔರಾದ್ ಮೇಲೆ ಬೀದರ್–ನಾಂದೇಡ್ ಮಾರ್ಗದ ಮಾತು ವರ್ಷಗಳಿಂದ ನಡೆದಿದೆ. ಒಂದು ತುದಿಯಲ್ಲಿ ಗುರುನಾನಕ್ ಝೀರಾ, ಇನ್ನೊಂದು ತುದಿಯಲ್ಲಿ ಹುಜೂರ್ ಸಾಹಿಬ್, ನಡುವೆ ಗಡಿಯ ಎರಡೂ ಕಡೆ ಹೊಲ, ಸಂತೆ, ಬೀಗತನ ಇರೋ ಜನ. ಜನ ಹತ್ತೋದಿಲ್ಲ ಅನ್ನೋ ನೆಪ ಇಲ್ಲಿ ನಡೆಯೋದಿಲ್ಲ. ಮುಂದಿನ ಸಲ ಬೀದರ್ ಸ್ಟೇಷನ್ನಿನ ಕಮಾನಿನ ಫೋಟೋ ಯಾರಾದರೂ ಕಳಿಸಿದರೆ, ಔರಾದಿಗೆ ಹಳಿ ಯಾವಾಗ, ಭಾಲ್ಕಿಗೆ ಬೆಳಗಿನ ಡೆಮು ಯಾವಾಗ ಅಂತ ಅದರ ಕೆಳಗೇ ಕೇಳ್ರಿ. ಗ್ರೂಪಿನಲ್ಲಿ ಸಂಸದರ, ಶಾಸಕರ ಕಡೆಯವರು ಇದ್ದೇ ಇರ್ತಾರೆ.