ಕೂಡುತೊಟ್ಟಿಯಲ್ಲಿ ಮೀನುಗಳ ಕಲಹ

ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಮುಂತಾದ ಬಡಾವಣೆಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಅಭಿರುಚಿಯು ಅನೇಕ ಕುಟುಂಬಗಳಲ್ಲಿ ನೆಲೆಗೊಂಡಿರುವುದು. ನಾನಾ ಜಾತಿಯ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಕೂಡಿಡುವುದೇ ಸಾಮಾನ್ಯ ಪದ್ಧತಿ. ಕೆಲವು ವಾರಗಳು ಕಳೆಯುವುದರೊಳಗಾಗಿ ಒಂದು ಮೀನು ಮತ್ತೊಂದನ್ನು ಅಟ್ಟುವುದು, ರೆಕ್ಕೆಗಳು ಹರಿಯುವುದು, ಸೋತ ಮೀನು ಮೂಲೆ ಸೇರಿ ಆಹಾರ ಬಿಟ್ಟು ಸಾಯುವುದು ಕಾಣಬರುವುದು. ಮೀನಿನ ಸ್ವಭಾವವೇ ಹೀಗೆಂದು ಸಾಕುವವರು ಸಮಾಧಾನಪಟ್ಟುಕೊಳ್ಳುವರು. ಈ ಸಮಾಧಾನವು ಯುಕ್ತವಾದುದಲ್ಲ. ಕಲಹಕ್ಕೆ ಬಹುಮಟ್ಟಿಗೆ ತೊಟ್ಟಿಯನ್ನು ಏರ್ಪಡಿಸಿದವರ ಅವಿಚಾರವೇ ಕಾರಣವೆಂಬುದು ನಮ್ಮ ಅಭಿಪ್ರಾಯವು.

ಕಲಹಕ್ಕೆ ಮೂರು ಮುಖ್ಯ ಕಾರಣಗಳುಂಟು. ಮೊದಲನೆಯದು ನೆಲದ ಹಕ್ಕು. ಸಿಕ್ಲಿಡ್ ಕುಟುಂಬದ ಮೀನುಗಳಲ್ಲಿ ಇದು ಪ್ರಬಲವಾಗಿರುವುದು. ನಮ್ಮ ಕರಾವಳಿಯ ಹಿನ್ನೀರಿನ ಕರಿಮೀನು ಈ ಕುಟುಂಬಕ್ಕೆ ಸೇರಿದುದೇ ಆಗಿದ್ದು, ಅದರ ಗಂಡುಹೆಣ್ಣುಗಳೆರಡೂ ಮೊಟ್ಟೆಮರಿಗಳನ್ನು ಕಾದು, ಸಮೀಪಿಸಿದ ಮೀನುಗಳನ್ನು ಓಡಿಸುವುವು. ಅಮೆಜಾನ್ ನದಿಯ ಏಂಜಲ್ ಮೀನೂ ಹಾಗೆಯೇ. ನದಿಯಲ್ಲಿಯಾದರೆ ಸೋತ ಮೀನು ನಾಲ್ಕು ಗಜ ದೂರ ಸರಿದೊಡನೆ ವ್ಯಾಜ್ಯವು ಮುಗಿಯಿತು. ಎರಡಡಿಯ ತೊಟ್ಟಿಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ?

ಎರಡನೆಯದು ಗಂಡುಗಳ ಸ್ಪರ್ಧೆ. ಸ್ಟಿಕಲ್‌ಬ್ಯಾಕ್ ಎಂಬ ಸಣ್ಣ ಮೀನಿನ ಗಂಡು, ಹೊಟ್ಟೆಗೆ ಕೆಂಪು ಬಳಿದ ಒರಟು ಬೊಂಬೆಯ ಮೇಲೂ ಎರಗುವುದೆಂದು ನಿಕೋ ಟಿನ್‌ಬರ್ಗನ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟನು. 1973ರ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಮೂವರಲ್ಲಿ ಆತನೊಬ್ಬನು. ಪ್ರತಿಸ್ಪರ್ಧಿಯ ಗುರುತು ಕಂಡರೆ ಸಾಕು, ಗಂಡುಮೀನು ಕೆರಳುವುದು. ಆದುದರಿಂದ ಫೈಟರ್ ಮೀನಿನ ಎರಡು ಗಂಡುಗಳನ್ನು ಒಂದೆಡೆ ಇಡಲೇಬಾರದು. ಉದ್ದಬಾಲದ ಗಪ್ಪಿಯನ್ನು ಕಂಡೂ ಅದು ಮೇಲೆ ಬೀಳುವುದುಂಟು.

ಮೂರನೆಯದು ಗುಂಪಿನಲ್ಲಿ ಬಾಳತಕ್ಕ ಮೀನನ್ನು ಒಂದೆರಡಾಗಿ ಇಡುವುದು. ಟೈಗರ್ ಬಾರ್ಬ್ ಮೀನುಗಳು ಎರಡು ಮೂರು ಮಾತ್ರವಿದ್ದರೆ ನೆರೆಯ ಮೀನುಗಳ ರೆಕ್ಕೆ ಕಚ್ಚುವುವು. ಎಂಟು ಹತ್ತು ಇದ್ದರೆ ತಮ್ಮತಮ್ಮಲ್ಲೇ ಮೇಲುಕೀಳನ್ನು ನಿರ್ಣಯಿಸಿಕೊಂಡು ಪರರ ಗೋಜಿಗೆ ಅಷ್ಟಾಗಿ ಹೋಗವು. ಇನ್ನು ಒಂದಡಿಯವರೆಗೆ ಬೆಳೆಯುವ ಆಸ್ಕರ್ ಮೀನು ಬಾಯಿಗೆ ಹಿಡಿಸಿದ ಸಣ್ಣ ಮೀನನ್ನು ನುಂಗುವುದು ಕಲಹವಲ್ಲ, ಅದರ ಊಟ.

ಕಾರಣ ತಿಳಿದ ಮೇಲೆ ಪರಿಹಾರವು ಕಷ್ಟವಲ್ಲ. ಮೀನನ್ನು ಅಂಗಡಿಯಲ್ಲಿ ಕಾಣುವ ಅಳತೆಯಿಂದಲ್ಲದೆ, ಬೆಳೆದ ಮೇಲಿನ ಅಳತೆಯಿಂದ ಆರಿಸತಕ್ಕದ್ದು. ಕೂಡುತೊಟ್ಟಿಯು 3 ಅಡಿ ಉದ್ದ, 1¼ ಅಡಿ ಅಗಲ ಮತ್ತು ಅಷ್ಟೇ ಎತ್ತರವಿದ್ದು ಸುಮಾರು 120 ಲೀಟರ್ ನೀರು ಹಿಡಿಯುವಂತಿದ್ದರೆ ಒಳ್ಳೆಯದು. ಕಲ್ಲು, ನೀರುಗಿಡ, ಮಣ್ಣಿನ ಕುಡಿಕೆ, ತೆಂಗಿನ ಚಿಪ್ಪುಗಳನ್ನು ಒಂದು ಮೀನಿನ ಕಣ್ಣಿಗೆ ಮತ್ತೊಂದು ಸದಾ ಬೀಳದಂತೆ ಅಲ್ಲಲ್ಲಿ ಇಡಬೇಕು. ಗಪ್ಪಿಗಳಲ್ಲಿ ಗಂಡೊಂದಕ್ಕೆ ಹೆಣ್ಣು ಎರಡು ಮೂರು ಇರಬೇಕು. ಆಹಾರವನ್ನು ಒಂದೇ ಮೂಲೆಗೆ ಸುರಿಯದೆ ಎರಡು ಕಡೆ ಚೆಲ್ಲಬೇಕು. ಹೊಸ ಮೀನನ್ನು ಬಿಡುವ ಮುನ್ನ ಕಲ್ಲುಗಿಡಗಳ ಸ್ಥಾನವನ್ನು ಬದಲಾಯಿಸಿ, ದೀಪವಾರಿಸಿದ ಮೇಲೆ ಬಿಟ್ಟರೆ, ಹಳೆಯವುಗಳ ಗಡಿಯು ಅಳಿದು ಹೊಸಬನಿಗೂ ಎಡೆ ದೊರೆಯುವುದು. ಇಷ್ಟಾದರೂ ಒಂದು ಮೀನು ಪೀಡಿಸುತ್ತಿದ್ದರೆ, ಪೀಡಿತನನ್ನಲ್ಲ, ಪೀಡಕನನ್ನೇ ಕೆಲವು ದಿನ ಬೇರೆ ತೊಟ್ಟಿಯಲ್ಲಿಡತಕ್ಕದ್ದು. ಹಿಂದಿರುಗಿದಾಗ ಅದರ ಯಜಮಾನಿಕೆಯು ಸಾಮಾನ್ಯವಾಗಿ ಕುಗ್ಗಿರುವುದು.

ಒಂದು ತೊಟ್ಟಿಗೆ ಒಂದೇ ಜಾತಿಯಿರಲೆಂದು ಕೆಲವರು ವಾದಿಸುವರು. ಫೈಟರ್, ಆಸ್ಕರ್‌ಗಳ ವಿಷಯದಲ್ಲಿ ಈ ಮಾತು ಸರಿ. ಆದರೆ ಗಪ್ಪಿ, ಪ್ಲಾಟಿ, ಮೋಲಿಗಳಂತಹ ಸಾಧು ಮೀನುಗಳು ಸ್ಥಳವಿದ್ದರೆ ಕೂಡಿ ಬಾಳುವುವಾದ್ದರಿಂದ, ಕೂಡುತೊಟ್ಟಿಯನ್ನೇ ನಿಷೇಧಿಸುವುದು ಅನಾವಶ್ಯಕ.

ಈ ವಿಷಯವು ಮನೆಯ ಗೋಡೆಯೊಳಗೇ ಮುಗಿಯುವುದಾಗಿದ್ದರೆ ಇಷ್ಟು ವಿಸ್ತರಿಸುತ್ತಿರಲಿಲ್ಲ. ಜಗಳಗಂಟ ಮೀನನ್ನು ಕೊಲ್ಲಲು ಮನಸ್ಸು ಬಾರದೆ, ಸಮೀಪದ ಕೆರೆಗೆ ಬಿಟ್ಟು ಪುಣ್ಯ ಬಂತೆಂದು ತಿಳಿಯುವವರುಂಟು. ಪಾಚಿ ತಿನ್ನಲೆಂದು ಎರಡಂಗುಲದ ಮರಿಯಾಗಿ ಕೊಳ್ಳುವ ಸಕ್ಕರ್ ಮೀನು ಒಂದಡಿಗೂ ಮೀರಿ ಬೆಳೆದು, ತನ್ನ ಜಾತಿಯವುಗಳೊಡನೆ ಕಾದಾಡಿ, ಇತರ ಮೀನುಗಳ ಮೈಲೋಳೆಯನ್ನು ಹೀರುವುದು. ದಕ್ಷಿಣ ಅಮೆರಿಕದ ಈ ಮೀನು ಭಾರತದ ಅನೇಕ ಜಲಾಶಯಗಳಲ್ಲಿ ಈಗಾಗಲೇ ನೆಲೆಯೂರಿರುವುದು. ಅದು ದಂಡೆಯನ್ನು ಕೊರೆಯುವುದು, ಮುಳ್ಳುಮೈಯಿಂದ ಬಲೆಯನ್ನು ಹರಿಯುವುದು, ಮಾರಾಟಕ್ಕೂ ಬಾರದು. ಕೆರೆಯನ್ನು ಗುತ್ತಿಗೆ ಹಿಡಿದು ಕಾಟ್ಲಾ, ರೋಹು ಮರಿಗಳನ್ನು ಬಿಟ್ಟು ಜೀವಿಸುವ ಬೆಸ್ತರಿಗೆ ಇದರಿಂದಾಗುವ ನಷ್ಟವು ಅಲ್ಪವಲ್ಲ. ಒಂದು ಮನೆಯ ದಯೆಯು ಮತ್ತೊಂದು ಮನೆಯ ಅನ್ನವನ್ನು ಕೆಡಿಸಬಾರದು. ಬೇಡವಾದ ಮೀನನ್ನು ಅಂಗಡಿಗೇ ಹಿಂದಿರುಗಿಸಬೇಕು. ಇಲ್ಲವೇ ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬೇಕು.

ಮಾರುವವರಿಗೂ ಇಲ್ಲಿ ಕರ್ತವ್ಯವುಂಟು. ಪ್ರತಿಯೊಂದು ತೊಟ್ಟಿಯ ಮೇಲೂ ಮೀನಿನ ಹೆಸರು, ಬೆಳೆದಾಗಿನ ಅಳತೆ, ಯಾವುದರೊಡನೆ ಇಡಬಾರದೆಂಬ ವಿವರ ಇಷ್ಟನ್ನು ಕನ್ನಡದಲ್ಲಿ ಬರೆದು ತೂಗುಹಾಕುವುದು ಹೆಚ್ಚಿನ ವೆಚ್ಚದ ಕೆಲಸವಲ್ಲ. ತಿಳಿದು ಕೊಂಡವನ ಮೀನು ಬದುಕುವುದು. ಮೀನು ಬದುಕಿದವನೇ ಪುನಃ ಅಂಗಡಿಗೆ ಬರುವನು. ಕೊಳ್ಳುವವರೂ ಇಂತಹ ವಿವರವಿಲ್ಲದ ಮೀನನ್ನು ಕೊಳ್ಳದಿರುವ ನಿಯಮವನ್ನು ಇಟ್ಟುಕೊಂಡರೆ, ತೊಟ್ಟಿಯಲ್ಲಿ ಶಾಂತಿಯೂ ಕೆರೆಗಳಿಗೆ ಕ್ಷೇಮವೂ ಉಂಟಾಗುವುದರಲ್ಲಿ ಸಂದೇಹವಿಲ್ಲ.