ಆ ಊಟ ಬಡಿಸಿದ್ದು ಯಾರು?



ಮಳೆಗಾಲದ ಸಂಜೆ ಕರೆಂಟು ಹೋದರೆ ಸಾಕು, ತರಗತಿಯಲ್ಲಿ ದೆವ್ವದ ಕತೆ ಶುರು. ನನಗೂ ಕೇಳಲಿಕ್ಕೆ ಇಷ್ಟವೇ. ಆದರೆ ಕತೆ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಬೇಕು ಅನ್ನುವುದು ನನ್ನ ವಾದ. ಯಾಕೆ ಅಂತ ಹೇಳ್ತೇನೆ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ಫ್ಲ್ಯಾನನ್ ದ್ವೀಪಗಳು ಉಂಟು. ಅಲ್ಲಿನ ದೀಪಸ್ತಂಭ ಮೊದಲು ಬೆಳಗಿದ್ದು 1899ರ ಡಿಸೆಂಬರಿನಲ್ಲಿ. ಮರುವರ್ಷ, 1900ರ ಡಿಸೆಂಬರ್ 26ರಂದು, ಬದಲಿ ಕಾವಲುಗಾರ ಜೋಸೆಫ್ ಮೂರ್ ಹಡಗಿನಿಂದ ಇಳಿದು ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಕಾವಲಿಗಿದ್ದ ಜೇಮ್ಸ್ ಡುಕಾಟ್, ಥಾಮಸ್ ಮಾರ್ಷಲ್, ಡೊನಾಲ್ಡ್ ಮ್ಯಾಕ್‌ಆರ್ಥರ್ ಮೂವರೂ ಕಾಣೆ. ಅವರ ದೇಹ ಸಿಗಲೇ ಇಲ್ಲ.

ಆಮೇಲೆ ಕತೆ ಹುಟ್ಟಿತು. ಮೇಜಿನ ಮೇಲೆ ಬಡಿಸಿದ ಊಟ ಹಾಗೇ ಇತ್ತಂತೆ. ಕುರ್ಚಿ ಮಗುಚಿ ಬಿದ್ದಿತ್ತಂತೆ. ಮೂರು ವಿಚಿತ್ರ ಕಪ್ಪು ಹಕ್ಕಿಗಳು ಕೂತಿದ್ದವಂತೆ!

ಈ 'ಅಂತೆ'ಯನ್ನು ಸ್ವಲ್ಪ ಹಿಡಿದು ನಿಲ್ಲಿಸಿ. ನೋಡಿದವರು ಯಾರು? ಮೊದಲು ಒಳಗೆ ಹೋದ ಮೂರ್ ಎರಡೇ ದಿನದಲ್ಲಿ ಬರೆದ ಪತ್ರದಲ್ಲಿ, ಅಡುಗೆಮನೆಯ ಪಾತ್ರೆಗಳು ಚೊಕ್ಕಟವಾಗಿದ್ದವು, ಅಂದರೆ ಊಟ ಮುಗಿಸಿಯೇ ಹೋಗಿದ್ದಾರೆ ಎಂದಿದ್ದಾನೆ. ಹಾಗಾದರೆ ಆ ಊಟ ಬಡಿಸಿದ್ದು ಯಾರು? ವಿಲ್ಫ್ರಿಡ್ ಗಿಬ್ಸನ್ ಎಂಬ ಕವಿ, 1912ರಲ್ಲಿ, ತನ್ನ ಕವಿತೆಯಲ್ಲಿ! ಕವಿಯ ತಪ್ಪೇನೂ ಇಲ್ಲ. ಕಲ್ಪಿಸುವುದು ಅವನ ಕೆಲಸ. ಅದನ್ನು ಸಾಕ್ಷಿ ಅಂತ ನಂಬಿದ್ದು ಕೇಳಿದವರ ತಪ್ಪು.

ನಿಜವಾದ ಸಾಕ್ಷಿ ಹೊರಗೆ ಇತ್ತು. ತನಿಖೆಗೆ ಬಂದ ಅಧಿಕಾರಿ ರಾಬರ್ಟ್ ಮ್ಯೂರ್‌ಹೆಡ್ ಪಶ್ಚಿಮದ ಇಳಿದಾಣವನ್ನು ನೋಡಿದರು. ಸಮುದ್ರದಿಂದ ಸುಮಾರು 110 ಅಡಿ ಎತ್ತರದ ಬಂಡೆಯ ಸಂದಿನಲ್ಲಿ ಇಟ್ಟಿದ್ದ ಹಗ್ಗದ ಪೆಟ್ಟಿಗೆ ಕೊಚ್ಚಿಹೋಗಿತ್ತು, ಕಬ್ಬಿಣದ ಕಂಬಿಗಳು ಬಾಗಿದ್ದವು. ಸಾಮಾನು ಭದ್ರಪಡಿಸಲಿಕ್ಕೆ ಇಳಿದವರನ್ನು ದೊಡ್ಡ ಅಲೆ ಸೆಳೆದಿರಬೇಕು ಎಂದು ಅವರು ತೀರ್ಮಾನಿಸಿದರು. ಅಲೆಯನ್ನು ಯಾರೂ ಕಂಡಿಲ್ಲ, ಇದೂ ಊಹೆಯೇ. ಆದರೆ ಗುರುತು ನೋಡಿ ಮಾಡಿದ ಊಹೆ. ಕಾಸರಗೋಡಿನ ಕಡಲ ಬದಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾ? ಆಟಿ ತಿಂಗಳಲ್ಲಿ, ದೂರ ಉಂಟು ಅಂದುಕೊಂಡ ತೆರೆ ಒಮ್ಮೆಲೇ ಬಂದು ಕಾಲು ಎಳೆಯುವುದನ್ನು ನೀವೇ ನೋಡಿದ್ದೀರಿ.

"ಕತೆ ಮಜಾ ಉಂಟಲ್ಲ, ಸರ್, ಬಿಡಿ" ಅನ್ನಬಹುದು. ಮಜಾ ಉಂಟು, ಒಪ್ಪುತ್ತೇನೆ. ಆದರೆ ದೆವ್ವ ಒಳಗೆ ಬಂದ ಕೂಡಲೇ ಕಡಲಿನ ಅಪಾಯ ಮರೆತುಹೋಗುತ್ತದೆ, ಆ ಕೆಲಸದ ಕಷ್ಟವೂ ಮರೆತುಹೋಗುತ್ತದೆ. ಮೂರ್ ನೋಡಿದಾಗ ದೀಪ ಒರೆಸಿ, ಎಣ್ಣೆ ತುಂಬಿಸಿ, ಸಂಜೆಗೆ ಸಿದ್ಧವಾಗಿತ್ತು. ಕೆಲಸ ಮುಗಿಸಿಟ್ಟೇ ಹೊರಗೆ ಹೋದವರು ಅವರು. ಅಂಥವರನ್ನು ಹಕ್ಕಿ ಮಾಡಿ ಹಾರಿಸಿಬಿಡುವುದು ನ್ಯಾಯವಾ?

ಇನ್ನು ಮುಂದೆ ಕತೆ ಕೇಳಿ, ಹೆದರಿ, ನಗಾಡಿ. ಕೊನೆಗೆ ಮಾತ್ರ ತಪ್ಪದೆ ಕೇಳಿ: "ಇದನ್ನು ಮೊದಲು ಕಂಡವರು ಯಾರು?"